ಎಂಜಿನ್ನು ಸದ್ದು ಮಾಡಿದಾಗ

ಸದ್ದನ್ನು ಕೇಳಿ ಒಳಗಿನ ಸ್ಥಿತಿಯನ್ನು ಅರಿಯುವ ವಿದ್ಯೆ ನಮ್ಮ ಜನರಿಗೆ ಹೊಸದೇನೂ ಅಲ್ಲ. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ನೋಡುತ್ತಾಳೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸುತ್ತದೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಬಲಿತದ್ದೋ ಎಳೆಯದೋ ಎಂದು ಹೇಳಬಲ್ಲ ಹಿರಿಯರು ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ತಳಿ, ಡೆಂಕಣಿಕೋಟೆಗಳ ಕಡೆಯ ರೈತನು ಜಗುಲಿಯ ಮೇಲೆ ಕುಳಿತಂತೆಯೇ, ತೋಟದ ಪಂಪುಸೆಟ್ಟಿನ ಸದ್ದು ಬದಲಾದುದನ್ನು ಗಮನಿಸಿ, ಬಾವಿಯ ನೀರು ತಳ ಮುಟ್ಟಿತೆಂದು ಎದ್ದು ಹೊರಡುತ್ತಾನೆ. ೧೮೧೬ರಲ್ಲಿ ಪ್ಯಾರಿಸ್ ನಗರದ ವೈದ್ಯ ಲೆನೆಕ್ ಎಂಬವನು ಕಾಗದವನ್ನು ಕೊಳವೆಯಂತೆ ಸುತ್ತಿ, ರೋಗಿಯ ಎದೆಗೆ ಅದರ ಒಂದು ತುದಿಯನ್ನೂ ತನ್ನ ಕಿವಿಗೆ ಇನ್ನೊಂದು ತುದಿಯನ್ನೂ ಹಚ್ಚಿ ಹೃದಯದ ಬಡಿತವನ್ನು ಆಲಿಸಿದನು. ಸ್ಟೆಥಾಸ್ಕೋಪು ಹುಟ್ಟಿದ್ದು ಹಾಗೆ.

ಇಷ್ಟೆಲ್ಲ ಬಲ್ಲ ನಾವು, ನಮ್ಮ ಕಾರಿನ ಎಂಜಿನ್ನು ಒಂದು ದಿನ ಇದ್ದಕ್ಕಿದ್ದಂತೆ ಕಟಕಟ ಎನ್ನತೊಡಗಿದರೆ ದಿಕ್ಕು ತೋಚದವರಂತಾಗುತ್ತೇವೆ. ಆಗ ನಾವು ಹಿಡಿಯುವ ದಾರಿ ಸಾಮಾನ್ಯವಾಗಿ ಎರಡು. ಮೊದಲನೆಯದು, ಸದ್ದು ಕೇಳಿಸದಂತೆ ಕಿಟಕಿಯ ಗಾಜನ್ನು ಏರಿಸಿ, ಹಾಡಿನ ಧ್ವನಿಯನ್ನು ಹೆಚ್ಚಿಸಿ ಮುಂದುವರಿಯುವುದು. ಎರಡನೆಯದು, ಗಾಬರಿಯಿಂದ ಹತ್ತಿರದ ಗ್ಯಾರೇಜಿಗೆ ಹೋಗಿ, ‘ಎಂಜಿನ್ನನ್ನು ಬಿಚ್ಚಬೇಕಾಗುತ್ತದೆ’ ಎಂಬ ಮಾತಿಗೆ ತಲೆಯಾಡಿಸಿಬಿಡುವುದು. ಮೊದಲನೆಯ ದಾರಿಯಲ್ಲಿ, ಐದು ನಿಮಿಷ ನಿಲ್ಲಿಸಿದ್ದರೆ ಉಳಿಯುತ್ತಿದ್ದ ಎಂಜಿನ್ನು ನಡುರಸ್ತೆಯಲ್ಲಿ ಹಾಳಾಗುತ್ತದೆ. ರಾತ್ರಿಯ ಹೊತ್ತು, ಹೆಂಗಸರು ಮಕ್ಕಳೊಡನೆ, ಲಾರಿಗಳು ಹಾಯುವ ಹೆದ್ದಾರಿಯ ಅಂಚಿನಲ್ಲಿ ನಿಲ್ಲಬೇಕಾಗುತ್ತದೆ. ಎರಡನೆಯ ದಾರಿಯಲ್ಲಿ, ಸಡಿಲವಾದ ಒಂದು ತಗಡಿನ ಪಟ್ಟಿಗಾಗಿ ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟ ಹಣ ಹೋಗಬಹುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಆಲಿಸುವುದು, ಕ್ರಮವಾಗಿ ಪ್ರಶ್ನಿಸುವುದು, ಅನಂತರ ತೀರ್ಮಾನಿಸುವುದು. ಈ ಲೇಖನದ ಉದ್ದೇಶ ಆ ದಾರಿಯನ್ನು ತೋರಿಸುವುದಷ್ಟೆ.

ಎಂಜಿನ್ನುಗಳ ನೆಲ

ಹೊಸೂರಿನ ಸುತ್ತಲಿನ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ೧೯೭೦ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಇಲ್ಲಿ ತಲೆಯೆತ್ತಿತು. ೧೯೮೦ರಲ್ಲಿ ಅಶೋಕ್ ಲೇಲ್ಯಾಂಡ್ ಸಂಸ್ಥೆ ಇಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಅದೇ ವರ್ಷ ಸುಂದರಂ ಕ್ಲೇಟನ್ನಿನ ಟಿ.ವಿ.ಎಸ್. ೫೦ ಎಂಬ ಪುಟ್ಟ ಮೊಪೆಡ್ ಹೊಸೂರಿನಿಂದ ಹೊರಟು ದಕ್ಷಿಣದ ಹಳ್ಳಿಹಳ್ಳಿಯನ್ನೂ ಸೇರಿತು. ಅದೇ ದಶಕದಲ್ಲಿ ಟೈಟನ್ ಗಡಿಯಾರದ ಕಾರ್ಖಾನೆಯೂ ಇಲ್ಲಿಗೆ ಬಂದಿತು. ಹೀಗೆ, ಟಿಕ್ ಟಿಕ್ ಎನ್ನುವ ಯಂತ್ರವನ್ನೂ ಗುಡುಗುಡು ಎನ್ನುವ ಯಂತ್ರವನ್ನೂ ಒಂದೇ ಊರಿನ ಕೈಗಳು ಜೋಡಿಸುತ್ತ ಬಂದಿವೆ. ನಮ್ಮ ಅನೇಕ ಮನೆಗಳಲ್ಲಿ ಈ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದಾರೆ. ಅವರ ಕಿವಿಗಳು ಇಂದಿಗೂ ಚುರುಕು.

ಇನ್ನು ರಸ್ತೆಯ ಮಾತು. ಹೊಸೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಂದ ಶೂಲಗಿರಿಯ ಮಾರ್ಗವಾಗಿ ಐವತ್ತು ಕಿಲೋಮೀಟರು ಸಾಗಿ ಕೃಷ್ಣಗಿರಿಯನ್ನು ತಲಪುವಷ್ಟರಲ್ಲಿ ನಾವು ಸುಮಾರು ೪೦೦ ಮೀಟರು ಕೆಳಗಿಳಿದಿರುತ್ತೇವೆ. ಮರಳಿ ಬರುವಾಗ ಅಷ್ಟನ್ನೂ ಏರಬೇಕು. ಹಿಂದೆ ೭ನೆಯ ಸಂಖ್ಯೆಯಿಂದ ಕರೆಯಲಾಗುತ್ತಿದ್ದು ಈಗ ೪೪ ಎಂಬ ಸಂಖ್ಯೆಯನ್ನು ಪಡೆದಿರುವ ಈ ರಾಷ್ಟ್ರೀಯ ಹೆದ್ದಾರಿಯ ಏರು ಎಂಜಿನ್ನಿಗೊಂದು ಪರೀಕ್ಷೆಯಿದ್ದಂತೆ. ಊರೊಳಗೆ ಮೌನವಾಗಿರುವ ದೋಷವು ಹೊರೆ ಬಿದ್ದಾಗ ಬಾಯಿಬಿಡುತ್ತದೆ.

ಸದ್ದಿಗೊಂದು ಹೆಸರು

ವೈದ್ಯನ ಬಳಿ ‘ನೋವು’ ಎಂದಷ್ಟೇ ಹೇಳಿದರೆ ಸಾಲದು. ಚುಚ್ಚುವ ನೋವೋ ಹಿಂಡುವ ನೋವೋ ಸೆಳೆತವೋ ಎಂದು ಹೇಳಬೇಕು. ಮೆಕ್ಯಾನಿಕ್ಕಿನ ಬಳಿಯೂ ಅಷ್ಟೆ. ಈ ವಿಷಯದಲ್ಲಿ ಕನ್ನಡ ನುಡಿ ಬಡವೆಯಲ್ಲ. ನಮ್ಮ ವ್ಯಾಕರಣಕಾರರು ಅನುಕರಣಾವ್ಯಯಗಳೆಂದು ಕರೆದ ಶಬ್ದಗಳ ಒಂದು ದೊಡ್ಡ ಭಂಡಾರವೇ ನಮ್ಮಲ್ಲಿದೆ. ತಮಿಳರು ಇಂತಹ ಜೋಡಿ ನುಡಿಗಳನ್ನು ಇರಟ್ಟೈಕ್ಕಿಳವಿ ಎನ್ನುತ್ತಾರೆ. ಹೊಸೂರಿನ ಗ್ಯಾರೇಜಿನಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಒಟ್ಟಿಗೆ ನಡೆಯುತ್ತವೆ. ಕನ್ನಡದ ‘ಸದ್ದು’ ಮತ್ತು ತಮಿಳಿನ ‘ಸತ್ತಂ’ ಎರಡೂ ಸಂಸ್ಕೃತದ ಶಬ್ದವೆಂಬ ಒಂದೇ ಮೂಲದಿಂದ ಬಂದವು. ಆದುದರಿಂದ ಭಾಷೆ ಬಾರದೆಂಬ ಸಂಕೋಚ ಬೇಕಿಲ್ಲ. ಬಾಯಿಂದ ಸದ್ದನ್ನು ಅನುಕರಿಸಿ ತೋರಿಸಿದರೆ ಯಾವ ಭಾಷೆಯವನಿಗೂ ಅರ್ಥವಾಗುತ್ತದೆ.

ಸ್ಥೂಲವಾಗಿ ಸದ್ದುಗಳನ್ನು ಹೀಗೆ ವಿಂಗಡಿಸಬಹುದು. ಹೊಲಿಗೆಯಂತ್ರದಂತೆ ಹಗುರವಾದ, ಒಂದೇ ಲಯದ ಟಿಕಟಿಕ ಎಂಜಿನ್ನಿನ ಮೇಲ್ಭಾಗದ್ದು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂತಹ ಝರ್ರೆಂಬ ಸದ್ದು ಬಹುಮಟ್ಟಿಗೆ ಎಂಜಿನ್ನಿನ ಹೊರಗಿನದು. ಸರಪಣಿಯನ್ನು ನೆಲದ ಮೇಲೆ ಎಳೆದಂತಹ ಗರಗರ ಮುಂಭಾಗದ ಟೈಮಿಂಗ್ ಚೈನಿನದಿರಬಹುದು. ಗೋಲಿಗಳು ಒಂದಕ್ಕೊಂದು ತಾಕಿದಂತಹ ಕಿಣಿಕಿಣಿ, ಅದೂ ಏರಿನಲ್ಲಿ ಮಾತ್ರ ಕೇಳಿಸಿದರೆ, ಪೆಟ್ರೋಲು ಉರಿಯುವ ಕ್ರಮದ ದೋಷ. ಒನಕೆಯಿಂದ ಕುಟ್ಟಿದಂತೆ ಆಳದಿಂದ ಬರುವ ದಡದಡ ಎಲ್ಲಕ್ಕಿಂತ ಭಯಂಕರವಾದದ್ದು. ಅದು ಎಂಜಿನ್ನಿನ ಬುಡದ ಬೇರಿಂಗಿನ ಆರ್ತನಾದ.

ಕೂಡಲೆ ನಿಲ್ಲಿಸಬೇಕಾದ ಸಂದರ್ಭ

ಉಳಿದ ವಿಚಾರಗಳಿಗೆ ಮುನ್ನ ಒಂದು ಮಾತನ್ನು ಮನೆಯ ಎಲ್ಲರೂ, ಕಾರು ನಡೆಸದವರೂ ಸಹ, ನೆನಪಿನಲ್ಲಿಡತಕ್ಕದ್ದು. ಸದ್ದಿನೊಡನೆ ಮುಂದಿನ ಫಲಕದಲ್ಲಿ ಎಣ್ಣೆಯ ಕುಡಿಕೆಯ ಆಕಾರದ ಕೆಂಪು ದೀಪ ಉರಿದರೆ, ಅಥವಾ ಶಾಖವನ್ನು ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ, ಅಥವಾ ಆಳವಾದ ದಡದಡ ಸದ್ದು ಆಕ್ಸಿಲರೇಟರನ್ನು ಒತ್ತಿದಂತೆಲ್ಲ ಹೆಚ್ಚಿದರೆ, ರಸ್ತೆಯ ಅಂಚಿಗೆ ಸುರಕ್ಷಿತವಾಗಿ ಸರಿದು ಎಂಜಿನ್ನನ್ನು ಕೂಡಲೆ ಆರಿಸಬೇಕು. ‘ಇನ್ನೆರಡು ಮೈಲಿ ಹೋದರೆ ಶೂಲಗಿರಿ ಸಿಕ್ಕುತ್ತದೆ’ ಎಂಬ ಆಸೆ ಬೇಡ.

ಕಾರಣ ಸರಳವಾಗಿದೆ. ಎಂಜಿನ್ನಿನೊಳಗೆ ಉಕ್ಕಿನ ಕ್ರ್ಯಾಂಕು ಮೃದುಲೋಹದ ಬೇರಿಂಗುಗಳ ನಡುವೆ ತಿರುಗುತ್ತದೆ. ಇವೆರಡನ್ನೂ ಬೇರ್ಪಡಿಸುವುದು ತಲೆಗೂದಲಿಗಿಂತಲೂ ತೆಳುವಾದ ಎಣ್ಣೆಯ ಪೊರೆ. ಪಂಪು ಒತ್ತಡದಿಂದ ಎಣ್ಣೆಯನ್ನು ಕಳುಹಿಸುತ್ತಿರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಒತ್ತಡ ಬಿದ್ದೊಡನೆ ಪೊರೆ ಹರಿಯುತ್ತದೆ. ಅನಂತರದ ಕೆಲಸ ನಿಮಿಷಗಳದು. ಬೇರಿಂಗು ಕರಗಿ, ಕ್ರ್ಯಾಂಕಿಗೆ ಗೀರು ಬಿದ್ದು, ಕೊನೆಗೆ ಕನೆಕ್ಟಿಂಗ್ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬಂದ ಪ್ರಸಂಗಗಳುಂಟು.

ಕೆಂಪು ದೀಪವು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು ತೋರಿಸುತ್ತದೆಂಬುದನ್ನು ಮರೆಯಬಾರದು. ಕೀಲಿಯನ್ನು ತಿರುಗಿಸಿದಾಗ ಆ ದೀಪ ಉರಿಯಬೇಕು, ಎಂಜಿನ್ನು ಹೊರಟ ಕೆಲವು ಕ್ಷಣಗಳಲ್ಲಿ ಆರಬೇಕು. ಮೊದಲು ಉರಿಯದೇ ಇದ್ದರೆ, ದೀಪವೇ ಕೆಟ್ಟಿದೆ ಅಥವಾ ತಂತಿ ಕಡಿದಿದೆ. ಅದನ್ನು ಸರಿಪಡಿಸಿಕೊಳ್ಳದೆ ದೂರ ಪ್ರಯಾಣ ಮಾಡುವುದು ವಿವೇಕವಲ್ಲ.

ನಾಲ್ಕು ಪ್ರಶ್ನೆಗಳು

ಗಂಡಾಂತರದ ಲಕ್ಷಣಗಳಾವುವೂ ಇಲ್ಲವೆಂದು ತಿಳಿದ ಮೇಲೆ ಸಾವಧಾನವಾಗಿ ಪರೀಕ್ಷೆಗೆ ತೊಡಗಬಹುದು. ಮೊದಲ ಪ್ರಶ್ನೆ: ಕಾರು ನಿಂತಿರುವಾಗಲೂ ಸದ್ದು ಬರುತ್ತದೆಯೆ? ಗೇರನ್ನು ನ್ಯೂಟ್ರಲಿಗೆ ಹಾಕಿ, ಕೈಬ್ರೇಕನ್ನು ಎಳೆದು, ಆಕ್ಸಿಲರೇಟರನ್ನು ಮೆಲ್ಲನೆ ಒತ್ತಿರಿ. ಸದ್ದು ಎಂಜಿನ್ನಿನ ವೇಗದೊಡನೆ ಏರಿಳಿದರೆ ಅದು ಎಂಜಿನ್ನಿನದು ಅಥವಾ ಅದಕ್ಕೆ ಅಂಟಿಕೊಂಡ ಭಾಗಗಳದು. ನಿಂತಾಗ ಇಲ್ಲದೆ ಓಡುವಾಗ ಮಾತ್ರ, ಅದೂ ಹಳ್ಳದಿಣ್ಣೆಗಳ ಮೇಲೆ ಕೇಳಿಸಿದರೆ, ದೋಷ ಚಕ್ರ, ಶಾಕ್ ಅಬ್ಸಾರ್ಬರು ಮುಂತಾದ ಕೆಳಭಾಗಗಳಲ್ಲಿದೆ. ಎಷ್ಟೋ ವೇಳೆ ಡಿಕ್ಕಿಯಲ್ಲಿ ಉರುಳಾಡುವ ಜಾಕು ಕೂಡ ಎಂಜಿನ್ನಿನ ಮೇಲೆ ಅಪವಾದ ಹೊರಿಸುವುದುಂಟು.

ಎರಡನೆಯ ಪ್ರಶ್ನೆ: ಕ್ಲಚ್ಚನ್ನು ಒತ್ತಿದರೆ ಸದ್ದು ಬದಲಾಗುತ್ತದೆಯೆ? ಒತ್ತಿದಾಗ ನಿಂತು, ಬಿಟ್ಟಾಗ ಮರಳಿದರೆ ಗೇರ್‌ಬಾಕ್ಸಿನ ಬೇರಿಂಗು ಸವೆದಿರಬಹುದು. ಒತ್ತಿದಾಗಲೇ ಹುಟ್ಟಿದರೆ ಕ್ಲಚ್ಚಿನ ಬೇರಿಂಗಿನ ಮೇಲೆ ಸಂಶಯ ಪಡಬೇಕು. ಎರಡು ಸಂದರ್ಭಗಳಲ್ಲಿಯೂ ಎಂಜಿನ್ನು ನಿರಪರಾಧಿ.

ಮೂರನೆಯ ಪ್ರಶ್ನೆ: ತಣ್ಣಗಿರುವಾಗಲೋ ಬಿಸಿಯಾದ ಮೇಲೋ? ತಳಿಯ ಸುತ್ತ ಪುಷ್ಯಮಾಸದ ಬೆಳಗಿನ ಚಳಿಯಲ್ಲಿ ಎಣ್ಣೆ ದಪ್ಪವಾಗಿ ಮೇಲ್ಭಾಗಕ್ಕೆ ತಡವಾಗಿ ತಲಪುತ್ತದೆ. ಮೊದಲ ಒಂದೆರಡು ಕ್ಷಣದ ಸದ್ದು ಅನೇಕ ಎಂಜಿನ್ನುಗಳಲ್ಲಿ ಸಹಜ. ತಣ್ಣಗಿರುವಾಗ ಪಿಸ್ಟನ್ನು ಸ್ವಲ್ಪ ಸಡಿಲವಾಗಿದ್ದು, ಬಿಸಿಯಾಗಿ ಹಿಗ್ಗಿದ ಮೇಲೆ ಸದ್ದಡಗುವುದೂ ಉಂಟು. ಸೈಲೆನ್ಸರಿನ ಕಡೆಯ ಕೀಲಿನಲ್ಲಿ ಹೊಗೆ ಸೋರಿದರೆ ಟ್ಯಾಪೆಟ್ಟಿನಂತೆಯೇ ಟಿಕಟಿಕ ಕೇಳಿಸಿ, ಲೋಹ ಹಿಗ್ಗಿ ಸಂದು ಮುಚ್ಚಿದೊಡನೆ ನಿಲ್ಲುತ್ತದೆ. ಬಿಸಿಯಾದಂತೆ ಹೆಚ್ಚುವ ಸದ್ದು ಮಾತ್ರ ಲಘುವಾಗಿ ಎಣಿಸತಕ್ಕದ್ದಲ್ಲ. ಬಿಸಿಯಾದ ಎಣ್ಣೆ ತೆಳುವಾಗಿ, ಸವೆದ ಬೇರಿಂಗಿನ ಸಂದನ್ನು ತುಂಬಲಾರದಾಗಿದೆಯೆಂದು ಅದರ ಅರ್ಥ.

ನಾಲ್ಕನೆಯ ಪ್ರಶ್ನೆ: ಎಣ್ಣೆ ಎಷ್ಟಿದೆ? ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಹತ್ತು ನಿಮಿಷ ಬಿಟ್ಟು ಎಣ್ಣೆಕಡ್ಡಿಯನ್ನು ಹೊರಗೆಳೆದು ಒರಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ತುಂಬತಕ್ಕದ್ದು. ಅಂಬಾಸಿಡರ್ ಕಾಲದ ಕಾರುಗಳಿಗೆ ಹೊಂದುತ್ತಿದ್ದ ದಪ್ಪ ಎಣ್ಣೆ ಇಂದಿನ ಎಂಜಿನ್ನುಗಳ ಸೂಕ್ಷ್ಮವಾದ ದಾರಿಗಳಲ್ಲಿ ಬೇಗನೆ ಹರಿಯಲಾರದು.

ಕೋಲಿನ ಕಿವಿ

ಇನ್ನು ಸದ್ದು ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು. ಉದ್ದವಾದ ಸ್ಕ್ರೂಡ್ರೈವರೊಂದರ ತುದಿಯನ್ನು ಎಂಜಿನ್ನಿನ ಬೇರೆಬೇರೆ ಭಾಗಗಳಿಗೆ ಮೆಲ್ಲನೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ ಆಲಿಸಿದರೆ ಸದ್ದಿನ ಮೂಲ ಆಶ್ಚರ್ಯಕರವಾಗಿ ಸ್ಪಷ್ಟವಾಗುತ್ತದೆ. ಗಾಳಿಯಲ್ಲಿ ಬೆರೆತುಹೋಗುವ ಸದ್ದು ಘನವಸ್ತುವಿನ ಮೂಲಕ ನೇರವಾಗಿ ಬರುವುದೇ ಇದರ ಗುಟ್ಟು. ಗಟ್ಟಿಮರದ ಕೋಲೂ ಸಾಕು. ಲೆನೆಕ್ಕನ ಕಾಗದದ ಕೊಳವೆಗೂ ಗ್ಯಾರೇಜಿನ ಹುಡುಗನ ಸ್ಕ್ರೂಡ್ರೈವರಿಗೂ ಉದ್ದೇಶ ಒಂದೇ.

ಇಲ್ಲಿ ಎಚ್ಚರಿಕೆಯೂ ಬೇಕು. ಸೆರಗು, ದುಪಟ್ಟ, ಶಲ್ಯ, ಬಿಚ್ಚುಗೂದಲು, ಸಡಿಲ ಬಳೆ ಇವಾವುವೂ ತಿರುಗುವ ಬೆಲ್ಟಿನ ಬಳಿ ಸುಳಿಯಬಾರದು. ವಿದ್ಯುತ್ತಿನಿಂದ ನಡೆಯುವ ರೇಡಿಯೇಟರ್ ಫ್ಯಾನು ಎಂಜಿನ್ನು ಆರಿದ ಮೇಲೂ ತಾನಾಗಿ ತಿರುಗಬಲ್ಲದು. ಮಕ್ಕಳನ್ನು ದೂರವಿರಿಸಬೇಕು.

ಸದ್ದಿನ ಲಯವೂ ಸಾಕ್ಷಿ ಹೇಳುತ್ತದೆ. ನಾಲ್ಕು ಹಂತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ಪ್ರತಿಯೊಂದು ಕವಾಟವೂ ಒಮ್ಮೆ ಮಾತ್ರ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ ೮೦೦ ಸುತ್ತು ಸುತ್ತುತ್ತ ನಿಂತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕು ಸೆಕೆಂಡಿಗೆ ೧೩ ಬಾರಿ ತಿರುಗಿದರೆ ಕವಾಟವೊಂದು ಆರೇಳು ಬಾರಿ ಮಾತ್ರ ಬಡಿಯುತ್ತದೆ. ಆದುದರಿಂದ ಎಂಜಿನ್ನಿನ ಓಟಕ್ಕಿಂತ ನಿಧಾನವಾಗಿ, ಹೆಚ್ಚುಕಡಮೆ ಎಣಿಸಬಹುದಾದಷ್ಟು ಬಿಡಿಯಾಗಿ ಕೇಳಿಸುವ ಸದ್ದು ಮೇಲ್ಭಾಗದ್ದೆಂದೂ, ದಡದಡನೆ ಒತ್ತೊತ್ತಾಗಿ ಬರುವುದು ಸಾಮಾನ್ಯವಾಗಿ ಬುಡದ್ದೆಂದೂ ಊಹಿಸಬಹುದು.

ಅಗ್ಗದಿಂದ ದುಬಾರಿಗೆ

ಪರೀಕ್ಷೆಯ ಕ್ರಮದಲ್ಲಿ ಒಂದು ನೀತಿಯುಂಟು: ಅಗ್ಗದ ಕಾರಣವನ್ನು ಮೊದಲು ನೋಡಿ, ದುಬಾರಿಯ ಕಾರಣಕ್ಕೆ ಕೊನೆಗೆ ಹೋಗತಕ್ಕದ್ದು.

ಮೊದಲಿಗೆ ಸೈಲೆನ್ಸರ್ ಕೊಳವೆಯ ಮೇಲೆ ಶಾಖವನ್ನು ತಡೆಯಲು ಹೊದಿಸಿರುವ ತೆಳು ತಗಡು. ಮಳೆ, ಕೆಸರು, ಶಾಖಗಳಿಂದ ಅದರ ಬೋಲ್ಟಿನ ಸುತ್ತ ತುಕ್ಕು ಹಿಡಿದು ಸಡಿಲವಾದರೆ, ಎಂಜಿನ್ನಿನ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಝರ್ರೆನ್ನುತ್ತದೆ. ಕೇಳುವವರಿಗೆ ಎಂಜಿನ್ನೇ ಬಿಚ್ಚಿಹೋದಂತೆ ಭಾಸವಾಗುತ್ತದೆ; ಪರಿಹಾರ ಮಾತ್ರ ಒಂದು ಪಟ್ಟಿ, ಒಂದು ಬೋಲ್ಟು. ಕೊಳವೆ ಚೆನ್ನಾಗಿ ಆರಿದ ಮೇಲೆ ಕೈಯಿಂದ ಬಡಿದು ನೋಡಿದರೆ ಗೊತ್ತಾಗುತ್ತದೆ. ಆ ತಗಡನ್ನು ಕಿತ್ತೆಸೆಯುವುದು ಮಾತ್ರ ತಪ್ಪು. ಒಣಹುಲ್ಲಿನ ಮೇಲೆ ಕಾರನ್ನು ನಿಲ್ಲಿಸಿದಾಗ ಬೆಂಕಿ ತಾಕದಂತೆ ಕಾಯುವುದು ಅದೇ.

ಅನಂತರ ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಮೌಂಟಿಂಗುಗಳು. ಮೂರು ಸಿಲಿಂಡರಿನ ಎಂಜಿನ್ನು ಸ್ವಭಾವತಃ ಹೆಚ್ಚು ನಡುಗುತ್ತದೆ. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿ ೮೦೦ರಿಂದ ಹಿಡಿದು ಇಂದಿನ ಅನೇಕ ಚಿಕ್ಕ ಕಾರುಗಳು ಈ ಬಗೆಯವು. ರಬ್ಬರು ಬಿರಿದಾಗ ಆ ನಡುಕ ಕಾರಿನ ಮೈಗೆ ಹರಡಿ ಗಡಗಡಿಸುತ್ತದೆ. ಆಮೇಲೆ ಬೆಲ್ಟಿನಿಂದ ತಿರುಗುವ ನೀರಿನ ಪಂಪು, ಆಲ್ಟರ್ನೇಟರು, ರಾಟೆಗಳು. ಮೆಕ್ಯಾನಿಕ್ಕು ಬೆಲ್ಟನ್ನು ತೆಗೆದು ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿದಾಗ ಸದ್ದು ನಿಂತರೆ ದೋಷವು ಹೊರಗಿನದೆಂದು ಸಿದ್ಧವಾಯಿತು.

ಮೂರನೆಯದು ಟ್ಯಾಪೆಟ್ಟು. ಕವಾಟಗಳು ಬಿಸಿಯಾದಾಗ ಹಿಗ್ಗಲು ಎಡೆ ಇರಲೆಂದು ಇಂಚಿನ ಸಾವಿರದಲ್ಲಿ ಹತ್ತು ಹದಿನೈದು ಭಾಗದಷ್ಟು ಸಂದನ್ನು ಬಿಟ್ಟಿರುತ್ತಾರೆ. ಸಂದು ಹೆಚ್ಚಾದರೆ ಟಿಕಟಿಕ. ಫೀಲರ್ ಗೇಜೆಂಬ ತೆಳು ಅಲಗುಗಳಿಂದ ಅಳೆದು ಸರಿಪಡಿಸುವ ಈ ಕೆಲಸ ಒಂದೆರಡು ಗಂಟೆಯದು. ಆದರೆ ಸದ್ದೇ ಇರಬಾರದೆಂದು ಬಿಗಿ ಮಾಡಿಸಬೇಡಿರಿ. ಸಂದಿಲ್ಲದ ಕವಾಟ ಪೂರ್ತಿಯಾಗಿ ಮುಚ್ಚದೆ, ಉರಿಯುವ ಅನಿಲ ಸೋರಿ, ಅಂಚು ಸುಟ್ಟುಹೋಗುತ್ತದೆ. ಎಣ್ಣೆಯ ಒತ್ತಡದಿಂದ ತಾನೇ ಸಂದನ್ನು ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ಟುಗಳಿರುವ ಕಾರುಗಳಲ್ಲಿ ಎಣ್ಣೆ ಮತ್ತು ಫಿಲ್ಟರನ್ನು ಬದಲಾಯಿಸಿ ಕಾದುನೋಡುವುದು ಮೊದಲ ಚಿಕಿತ್ಸೆ.

ನಾಲ್ಕನೆಯದು ಟೈಮಿಂಗ್ ಚೈನು. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರು ಸೋತರೆ ಬೆಳಗಿನ ಮೊದಲ ಕ್ಷಣಗಳಲ್ಲಿ ಗರಗರ ಕೇಳಿಸುತ್ತದೆ. ಅದು ದಿನದಿಂದ ದಿನಕ್ಕೆ ದೀರ್ಘವಾದರೆ ತಡಮಾಡಬಾರದು. ಚೈನು ಹಲ್ಲು ತಪ್ಪಿದರೆ ಅನೇಕ ಎಂಜಿನ್ನುಗಳಲ್ಲಿ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಚೈನಿನ ಬದಲು ರಬ್ಬರಿನ ಬೆಲ್ಟಿರುವ ಕಾರುಗಳಲ್ಲಿ ಈ ಮುನ್ಸೂಚನೆಯೂ ಸಿಕ್ಕದಿರಬಹುದು. ಅದನ್ನು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸುವುದೊಂದೇ ದಾರಿ.

ಕೊನೆಯದು ಬುಡದ ಬೇರಿಂಗು. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಮೆಕ್ಯಾನಿಕ್ಕುಗಳು ಒಂದೊಂದಾಗಿ ಪ್ಲಗ್ಗಿನ ತಂತಿಯನ್ನು ತೆಗೆದು ಕೇಳುತ್ತಿದ್ದರು. ಯಾವ ಸಿಲಿಂಡರು ಉರಿಯದಿದ್ದಾಗ ಬಡಿತ ಕುಗ್ಗುವುದೋ ಅಲ್ಲಿಯ ಬೇರಿಂಗು ಸವೆದಿದೆಯೆಂದು ಅರ್ಥ. ಇಂದಿನ ಕಾರುಗಳಲ್ಲಿ ಹಾಗೆ ಮಾಡಿದರೆ ಕಾಯಿಲಿಗೂ ಹೊಗೆಯನ್ನು ಶುದ್ಧಿಗೊಳಿಸುವ ಪರಿವರ್ತಕಕ್ಕೂ ಅಪಾಯ. ಇಂಜೆಕ್ಟರಿನ ಸಂಪರ್ಕವನ್ನು ಬಿಡಿಸಿ ಅದೇ ಪರೀಕ್ಷೆಯನ್ನು ಮಾಡುತ್ತಾರೆ. ದೋಷ ನಿಶ್ಚಯವಾದರೆ ಎಂಜಿನ್ನನ್ನು ಬಿಚ್ಚಲೇಬೇಕು. ಗೀರುಬಿದ್ದ ಕ್ರ್ಯಾಂಕಿಗೆ ಹೊಸ ಬೇರಿಂಗನ್ನು ಮಾತ್ರ ಹಾಕಿದರೆ ಅದು ಬಾಳದು. ಕ್ರ್ಯಾಂಕನ್ನು ಅಳೆದು, ಅರೆಯಿಸಿ, ಅದಕ್ಕೊಪ್ಪುವ ಅಳತೆಯ ಬೇರಿಂಗನ್ನು ಹಾಕಿಸಬೇಕು. ಎಣ್ಣೆಯ ಪಂಪನ್ನೂ ಜರಡಿಯನ್ನೂ ಪರೀಕ್ಷಿಸಿ ಬೇರಿಂಗು ಏಕೆ ಸವೆಯಿತೆಂಬ ಕಾರಣವನ್ನೂ ಕಂಡುಹಿಡಿಯಬೇಕು.

ಏರಿನ ಕಿಣಿಕಿಣಿ ಮತ್ತು ಅದರ ಕಥೆ

ಕೃಷ್ಣಗಿರಿಯಿಂದ ಹೊಸೂರಿನ ಕಡೆಗೆ ಏರುವಾಗ, ಮೇಲಿನ ಗೇರಿನಲ್ಲಿಯೇ ವೇಗ ಕುಸಿದು, ಕಾಲು ಆಕ್ಸಿಲರೇಟರನ್ನು ಒತ್ತುತ್ತಿರುವಾಗ ಬರುವ ಕಿಣಿಕಿಣಿಯನ್ನು ನಾಕಿಂಗ್ ಎನ್ನುತ್ತಾರೆ. ಇಲ್ಲಿ ಯಾವ ಭಾಗವೂ ಸಡಿಲವಾಗಿಲ್ಲ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಸಿಲಿಂಡರಿನ ಮೂಲೆಗೆ ತಲಪುವ ಮೊದಲೇ, ಅಲ್ಲಿ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಸಿಡಿತದ ಅಲೆ ಗೋಡೆಗೆ ಬಡಿದು ಕಿಣಿಕಿಣಿಸುತ್ತದೆ. ಬಹುಕಾಲ ಮುಂದುವರಿದರೆ ಪಿಸ್ಟನ್ನಿನ ತಲೆ ತೂತಾಗುವುದೂ ಉಂಟು. ತತ್‌ಕ್ಷಣದ ಪರಿಹಾರ ಕೆಳಗಿನ ಗೇರಿಗೆ ಇಳಿಸುವುದು.

ಹಳೆಯ ಕಾರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇರುತ್ತಿತ್ತು. ಎತ್ತರದ ಬೆಂಗಳೂರಿನ ತೆಳುಗಾಳಿಗೆ ಹೊಂದುವಂತೆ ಕಿಡಿಯು ಸ್ವಲ್ಪ ಬೇಗನೆ ಹೊತ್ತುವಂತೆ ಹದಗೊಳಿಸಿದ ಎಂಜಿನ್ನು, ನಾನೂರು ಮೀಟರು ಕೆಳಗೆ, ನೂರಕ್ಕೆ ನಾಲ್ಕೈದರಷ್ಟು ಸಾಂದ್ರವಾದ ಬಿಸಿ ಗಾಳಿಯನ್ನು ಸೇವಿಸಿದಾಗ ನಾಕಿಂಗಿಗೆ ಒಳಗಾಗುವುದು ಸಹಜ. ಇಂದಿನ ಎಂಜಿನ್ನಿಗೆ ತನ್ನದೇ ಆದ ಕಿವಿಯಿದೆ. ನಾಕ್ ಸೆನ್ಸರೆಂಬ ಆ ಪುಟ್ಟ ಸಾಧನ ಸಿಡಿತದ ಕಂಪನವನ್ನು ಗ್ರಹಿಸಿದೊಡನೆ ಕಂಪ್ಯೂಟರು ಕಿಡಿಯನ್ನು ಸ್ವಲ್ಪ ತಡಮಾಡುತ್ತದೆ.

ಈ ಸದ್ದನ್ನು ಅಡಗಿಸಲು ಮನುಷ್ಯನು ತೆತ್ತ ಬೆಲೆಯನ್ನು ಪ್ರತಿಯೊಂದು ಕುಟುಂಬವೂ ತಿಳಿಯಬೇಕು. ೧೯೨೧ರಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನ ಸಂಶೋಧಕ ಥಾಮಸ್ ಮಿಡ್‌ಗ್ಲಿಯು, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಎಳ್ಳಷ್ಟು ಬೆರೆಸಿದರೆ ನಾಕಿಂಗ್ ನಿಲ್ಲುವುದೆಂದು ಕಂಡನು. ಆಲ್ಕೊಹಾಲಿಗೂ ಆ ಗುಣವಿದೆಯೆಂದು ಅವರಿಗೆ ತಿಳಿದಿತ್ತು. ಆದರೂ ಗೆದ್ದದ್ದು ಸೀಸ. ಎಂಜಿನ್ನುಗಳು ಮೌನವಾದುವು, ಹೊಗೆಯಲ್ಲಿ ಹೊರಬಿದ್ದ ಸೀಸ ಬೀದಿಯ ಧೂಳನ್ನು ಸೇರಿ ಮಕ್ಕಳ ರಕ್ತವನ್ನು ಸೇರಿತು. ಸೀಸವು ಬೆಳೆಯುವ ಮೆದುಳನ್ನು ಕೆಡಿಸುವ ವಿಷ.

ನಮ್ಮ ನೆರೆಯಲ್ಲಿಯೇ ಇದರ ಎಚ್ಚರಿಕೆಯ ಗಂಟೆ ಮೊಳಗಿತು. ಕೃಷ್ಣಗಿರಿ ಜಿಲ್ಲೆಯ ಬಾಲಿಗಾನಪಳ್ಳಿಯಲ್ಲಿ ೧೯೯೭ರಲ್ಲಿ ಬಡಮಕ್ಕಳಿಗಾಗಿ ಶಾಂತಿಭವನ ಶಾಲೆಯನ್ನು ಸ್ಥಾಪಿಸಿದ ಜಾರ್ಜ್ ಫೌಂಡೇಶನ್ ಸಂಸ್ಥೆಯೇ ಆ ವರ್ಷಗಳಲ್ಲಿ ಭಾರತದ ದೊಡ್ಡ ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಿತು. ಹನ್ನೆರಡು ವರ್ಷದೊಳಗಿನವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸವು ಅಂದಿನ ಅಪಾಯದ ಗೆರೆಯನ್ನು ಮೀರಿತ್ತು. ಇದೇ ವಿಷಯವಾಗಿ ೧೯೯೯ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ೨೦೦೦ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಿತು. ೨೦೨೧ರಲ್ಲಿ ಅಲ್ಜೀರಿಯ ದೇಶವೂ ಅದನ್ನು ಕೈಬಿಟ್ಟಾಗ ಜಗತ್ತಿನ ಬೀದಿಗಳು ಸೀಸದ ಪೆಟ್ರೋಲಿನಿಂದ ಬಿಡುಗಡೆ ಪಡೆದುವು. ಶತಮಾನದ ಹಿಂದೆ ಬದಿಗಿಟ್ಟ ಆಲ್ಕೊಹಾಲೇ ಈಗ ಎಥೆನಾಲ್ ರೂಪದಲ್ಲಿ ಮರಳಿದೆ. ೨೦೨೫ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಹಳೆಯ ಕಾರುಗಳ ರಬ್ಬರಿನ ಕೊಳವೆಗಳಿಗೆ ಅದು ಒಗ್ಗುವುದೋ ಇಲ್ಲವೋ ಎಂದು ಒಡೆಯರು ವಿಚಾರಿಸಿಕೊಳ್ಳುವುದು ಒಳಿತು.

ಗ್ಯಾರೇಜಿನಲ್ಲಿ

ಮೆಕ್ಯಾನಿಕ್ಕಿನ ಬಳಿ ಹೋಗುವಾಗ ರೋಗದ ಹೆಸರನ್ನು ಹೇಳಬೇಡಿರಿ, ಲಕ್ಷಣಗಳನ್ನು ಹೇಳಿರಿ. ‘ಟ್ಯಾಪೆಟ್ಟು ಸರಿಮಾಡಪ್ಪ’ ಎಂದರೆ ಅವನು ಟ್ಯಾಪೆಟ್ಟನ್ನು ಸರಿಮಾಡಿ ಕಳುಹಿಸುತ್ತಾನೆ, ಸದ್ದು ಉಳಿದೀತು. ‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗರಗರ ಅನ್ನುತ್ತೆ, ಐದು ಎಣಿಸುವಷ್ಟರಲ್ಲಿ ನಿಲ್ಲುತ್ತೆ, ಏರಿನಲ್ಲಿ ಇಲ್ಲ’ ಎಂದರೆ ಅರ್ಧ ಕೆಲಸ ಮುಗಿದಂತೆ. ತಣ್ಣಗಿರುವಾಗ ಬರುವ ಸದ್ದಾದರೆ ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು, ಬೆಳಿಗ್ಗೆ ಇಬ್ಬರೂ ಕೂಡಿ ಕೇಳುವುದು ಸರಿಯಾದ ಕ್ರಮ. ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋದರೂ ಉಪಯೋಗವುಂಟು. ಎಂಜಿನ್ನನ್ನು ಬಿಚ್ಚಬೇಕೆಂದರೆ ಯಾವ ಪರೀಕ್ಷೆಯಿಂದ ಅದು ತಿಳಿಯಿತೆಂದು ಗೌರವದಿಂದ ಕೇಳಿರಿ. ಎಣ್ಣೆಯ ಒತ್ತಡವನ್ನು ಗೇಜಿನಿಂದ ಅಳೆಯಿಸಿರಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಒಳ್ಳೆಯ ಕೆಲಸಗಾರನು ಇದರಿಂದ ಬೇಸರಗೊಳ್ಳುವುದಿಲ್ಲ. ತನ್ನ ವಿದ್ಯೆಯನ್ನು ಅರಿಯುವವರು ಸಿಕ್ಕಿದರೆಂದು ಸಂತೋಷಪಡುತ್ತಾನೆ.

ಹಳೆಯ ಕಾರನ್ನು ಕೊಳ್ಳುವವರಿಗೆ ಇನ್ನೂ ಒಂದು ಮಾತು. ನೀವು ಹೋಗುವಷ್ಟರಲ್ಲಿ ಎಂಜಿನ್ನನ್ನು ಬಿಸಿಮಾಡಿ ಇಟ್ಟಿದ್ದರೆ, ಮರುದಿನ ಬೆಳಿಗ್ಗೆ ಬರುವೆವೆಂದು ಹೇಳಿ ಮರಳಿರಿ. ದಪ್ಪ ಎಣ್ಣೆಯನ್ನು ತುಂಬಿ ಬುಡದ ಬಡಿತವನ್ನು ಕೆಲವು ದಿನ ಮರೆಮಾಡುವುದು ಈ ವ್ಯಾಪಾರದ ಹಳೆಯ ಚಾಳಿ. ತಣ್ಣನೆಯ ಎಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ, ಒಂದು ಏರನ್ನು ಹತ್ತಿಸಿ, ಆಲಿಸಿ, ಆಮೇಲೆ ಬೆಲೆಯ ಮಾತಾಡಿರಿ.

೨೦೨೧ರಿಂದೀಚೆಗೆ ಹೊಸೂರ��ನಲ್ಲಿಯೂ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯ ಬಳಿಯಲ್ಲಿಯೂ ವಿದ್ಯುತ್ ಸ್ಕೂಟರುಗಳ ದೊಡ್ಡ ಕಾರ್ಖಾನೆಗಳು ಎದ್ದಿವೆ. ಅವುಗಳಲ್ಲಿ ಟ್ಯಾಪೆಟ್ಟಿಲ್ಲ, ಪಿಸ್ಟನ್ನಿಲ್ಲ, ನಾಕಿಂಗಿಲ್ಲ. ನಮ್ಮ ಮೊಮ್ಮಕ್ಕಳಿಗೆ ಈ ಲೇಖನದ ಬಹುಭಾಗ ಬೇಕಾಗದಿರಬಹುದು. ಆದರೆ ಇಂದು ನಮ್ಮ ಅಂಗಳದಲ್ಲಿ ನಿಂತಿರುವ ಕಾರುಗಳು ಇನ್ನೂ ಬಹುವರ್ಷ ಪೆಟ್ರೋಲನ್ನೂ ಡೀಸೆಲನ್ನೂ ಉರಿಸುತ್ತ ಶೂಲಗಿರಿಯ ಏರನ್ನು ಹತ್ತಲಿವೆ. ಮುಂದಿನ ಭಾನುವಾರ ಬಾನೆಟ್ಟನ್ನು ಎತ್ತಿ, ಎಣ್ಣೆಕಡ್ಡಿಯನ್ನು ನೋಡಿ, ಎಂಜಿನ್ನು ಆರೋಗ್ಯವಾಗಿರುವಾಗ ಹೇಗೆ ಮಾತನಾಡುತ್ತದೆಂದು ಮನೆಯವರೆಲ್ಲರೂ ಒಮ್ಮೆ ಆಲಿಸಿಟ್ಟುಕೊಳ್ಳಿರಿ. ನೆಟ್ಟಗಿದ್ದಾಗಿನ ಸದ್ದನ್ನು ಬಲ್ಲವರಿಗೆ ಮಾತ್ರ ಕೆಟ್ಟಾಗಿನ ಸದ್ದು ಬೇಗನೆ ತಿಳಿಯುತ್ತದೆ.